ಗಡಿಯಾರದ ಸಾಹೇಬರ ಉಪ್ಪುನೀರು

ಕಳೆದ ತಿಂಗಳು ಸವದತ್ತಿ ಬಸ್‌ಸ್ಟ್ಯಾಂಡಿನಲ್ಲಿ ರಾಮದುರ್ಗದ ಬಸ್ಸಿಗೆ ಕಾಯುತ್ತ ನಿಂತಿದ್ದೆ. ಅರ್ಧ ಬೆಳ್ಳಗಾದ ಗಡ್ಡದವನೊಬ್ಬ ನನ್ನ ಮುಖವನ್ನೇ ಎರಡು ಸಲ ನೋಡಿ, ಹತ್ತಿರ ಬಂದು, "ಸರ್ರ, ಬೈಲಹೊಂಗಲ ಸಾಲ್ಯಾಗ ಸೈನ್ಸ್ ಕಲಸ್ತಿದ್ರಲ್ಲಾ, ನೀವ ಹೌದಿಲ್ರಿ?" ಎಂದ. ಹೌದೆಂದೆ. "ನಾ ಗಡಿಯಾರದ ಸಾಹೇಬ್ರ ತಮ್ಮರಿ. ಲಾರ್‍ಯಾಗ ಸಮುದ್ರದ ನೀರ ತರತಿದ್ನೆಲ್ರಿ, ಮರತ್ರೇನು?"

ಮರೆತಿರಲಿಲ್ಲ, ಗುರುತು ಸಿಕ್ಕಿರಲಿಲ್ಲ ಅಷ್ಟೇ. ಎಷ್ಟೋ ವರ್ಷವಾಗಿತ್ತು. "ಹೆಂಗದಾರ್ರೀ ನಿಮ್ಮ ಅಣ್ಣಾರು?" ಎಂದು ಕೇಳಿದೆ. ಬಾಯಿ ಚಟಕ್ಕೆ ಕೇಳಿದ್ದು, ಉತ್ತರ ಬೇಕೆಂದಲ್ಲ.

"ಭಾಯಿ ಹೋಗಿ ಎಂಟ ತಿಂಗಳಾತ್ರಿ ಸರ್ರ. ಏನೂ ಆಗಿರಲಿಲ್ಲ. ಅಂಗಡ್ಯಾಗ ಕುಂತಾಂವ ಕುಂತಲ್ಲೇ ಹ್ವಾದ. ಮಧ್ಯಾಹ್ನದ ತನಕಾ ಯಾರಿಗೂ ತಿಳೀಲಿಲ್ಲ ನೋಡ್ರಿ. ಕೆಲಸಾ ಮಾಡಾಕ ಹತ್ಯಾನ ಅಂತ ಎಲ್ಲಾರೂ ಅನಕೊಂಡ ಅಡ್ಡಾಡಿದ್ರು."

ಅಷ್ಟರಲ್ಲಿ ಬಸ್ಸು ಬಂತು. ಜನ ಕಿಟಕಿಯಿಂದ ಟವೆಲ್ಲು ಎಸೆದು ಸೀಟು ಹಿಡಿಯತೊಡಗಿದರು. ನಾನೂ ಓಡಿದೆ. ಒಬ್ಬ ಮನುಷ್ಯನ ಸಾವಿನ ಸುದ್ದಿ ಕೇಳಿ, ಅವನ ತಮ್ಮನ ಕೈ ಕೂಡ ಹಿಡಿಯದೆ, ಸೀಟು ಸಿಗಲಿಲ್ಲ ಅಂದರೆ ಹೇಗೆ ಎಂದು ಓಡಿದವನು ನಾನು. ರಾಮದುರ್ಗ ಮುಟ್ಟುವತನಕ ನನ್ನ ಮೇಲೆ ನನಗೇ ಸಿಟ್ಟು. ಆ ಸಿಟ್ಟಿನಲ್ಲೇ ಇದನ್ನು ಬರೆಯುತ್ತಿದ್ದೇನೆ.

ಅವರ ಹೆಸರು ಬರೆಯುವುದಿಲ್ಲ. ಬೈಲಹೊಂಗಲದ ಬಜಾರಿನಲ್ಲಿ ಅವರನ್ನು ಹೆಸರು ಹಿಡಿದು ಕರೆದವರನ್ನು ನಾನು ನೋಡಿಯೇ ಇಲ್ಲ. ಎಲ್ಲರಿಗೂ ಅವರು ಗಡಿಯಾರದ ಸಾಹೇಬರು. ಹಿಟ್ಟಿನ ಗಿರಣಿಯ ಮಗ್ಗುಲಿಗೆ ಅವರ ಅಂಗಡಿ. ಒಬ್ಬರು ಕುಂತರೆ ಇನ್ನೊಬ್ಬರು ನಿಲ್ಲಬೇಕು, ಅಷ್ಟು ಜಾಗ. ಗಿರಣಿ ನಡೆದಾಗೆಲ್ಲ ಗೋಡೆ ನಡುಗುತ್ತಿತ್ತು, ಜೋಳದ ಹಿಟ್ಟಿನ ಧೂಳು ಬಂದು ಗಾಜಿನ ಮೇಲೆ ಕೂರುತ್ತಿತ್ತು. ಅಂಥ ಕಡೆ ಕುಳಿತು ಈ ಮನುಷ್ಯ ಸಾಸಿವೆ ಕಾಳಿಗಿಂತ ಸಣ್ಣ ತಿರುಪುಗಳನ್ನು ಚಿಮಟಿಗೆಯಲ್ಲಿ ಎತ್ತಿ ಕೂರಿಸುತ್ತಿದ್ದರು. ಬಲಗಣ್ಣಿನಲ್ಲಿ ಸದಾ ಭಿಂಗ ಸಿಕ್ಕಿಸಿಕೊಂಡಿರುತ್ತಿದ್ದರು. ಗಡಿಯಾರದವರು ಕಣ್ಣಿಗೆ ಹಾಕಿಕೊಳ್ಳುವ ಕರಿ ಡಬ್ಬಿಯ ಮಸೂರ ಅದು. ಮಾತಾಡಿಸಿದರೆ ಭಿಂಗ ತೆಗೆಯದೇ ತಲೆ ಎತ್ತುವರು. ಒಂದು ಕಣ್ಣು ಮುಚ್ಚಿ ಇನ್ನೊಂದರಲ್ಲಿ ನಮ್ಮನ್ನು ಅಳೆಯುವಾಗ ನನಗೆ ಅಂಗಿಯ ಗುಂಡಿ ಹಾಕಿಕೊಂಡಿದ್ದೇನೋ ಇಲ್ಲವೋ ಎಂದು ಅನುಮಾನ ಬರುತ್ತಿತ್ತು.

ಸೆಲ್ಲು ಹಾಕುವ ಗಡಿಯಾರಗಳು ಊರಿಗೆ ಹೊಸದಾಗಿ ತುಂಬಿದ್ದ ಕಾಲ ಅದು. ಸೆಲ್ಲು ಬದಲಿಸಿ ಕೊಡಿರೆಂದು ಯಾರಾದರೂ ಬಂದರೆ ಕೊಡುವರು, ಆದರೆ ಮುಖ ಸಣ್ಣ ಮಾಡಿಕೊಂಡು. "ಇದು ರಿಪೇರಿ ಅಲ್ರಿ, ಊಟಾ ಹಾಕೂದು" ಎನ್ನುವರು. ಕೀಲಿ ಕೊಡುವ ಹಳೆಯ ಗಡಿಯಾರ ಬಂದರೆ ಮಾತ್ರ ಚಹಾ ತರಿಸುವರು. ಯಾರಿಗೆ ಯಾವಾಗ ಮುಗಿಸಿ ಕೊಡುತ್ತೇನೆಂದು ಎಂದೂ ಹೇಳುತ್ತಿರಲಿಲ್ಲ. "ಅವಸರಾ ಐತೇನ್ರಿ?" ಎಂದು ಕೇಳಿ, ಐತಿ ಅಂದರೆ ಗಡಿಯಾರ ಕೈಗೆ ವಾಪಸು ಕೊಟ್ಟುಬಿಡುವರು.

ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ತಮ್ಮನ ಸಂಸಾರ ಸವದತ್ತಿಯಲ್ಲಿ. ಬಂದಿರು ಬಂದಿರು ಎಂದು ಅವನು ಕರೆದು ಕರೆದು ಸಾಕಾಗಿದ್ದ. ಇವರು ಅಂಗಡಿಯ ಹಿಂದಿನ ಒಂದು ಖೋಲಿಯಲ್ಲಿ ಒಬ್ಬರೇ ಇದ್ದು, ತಮಗೆ ತಾವೇ ರೊಟ್ಟಿ ಬಡಿದುಕೊಳ್ಳುತ್ತಿದ್ದರು. ಖೋಲಿಗೂ ಅಂಗಡಿಗೂ ನಡುವಿನ ಕಟ್ಟೆಯ ಮೇಲೆ ಮೂರು ಅಡಿ ಉದ್ದದ ಗಾಜಿನ ತೊಟ್ಟಿ. ಅದರಲ್ಲಿ ಕಾರವಾರದ ಸಮುದ್ರದ ನೀರು, ಒಂದು ದೊಡ್ಡ ಕಲ್ಲು, ಎರಡು ಬೊಗಸೆ ಉಸುಕು, ಒಂದು ಮೀನು.

ಬೈಲಹೊಂಗಲದಲ್ಲಿ ಸಮುದ್ರದ ನೀರೇ ಅಂತ ನೀವು ಕೇಳುತ್ತೀರಿ. ನಾನೂ ಕೇಳಿದ್ದೆ. ಅವರ ತಮ್ಮ ಇಲ್ಲಿಯ ಬೆಲ್ಲ ಹೇರಿಕೊಂಡು ಕಾರವಾರಕ್ಕೆ ಹೋಗುವ ಲಾರಿ ನಡೆಸುತ್ತಿದ್ದ. ಒಂದು ರಂಜಾನ್ ಹಬ್ಬಕ್ಕೆ ಬರುವಾಗ ಅಣ್ಣನಿಗೆ ಏನು ತರಲಿ ಎಂದು ತಿಳಿಯದೆ, ಬಂಡೆಗಳ ನಡುವಿನ ಗುಂಡಿಯಲ್ಲಿ ಆಡುತ್ತಿದ್ದ ಈ ಮೀನನ್ನು ಡಬ್ಬಿಯಲ್ಲಿ ಹಿಡಿದು ತಂದಿದ್ದ. ಬೆರಳುದ್ದದ ಮೀನು, ಬೆನ್ನು ಹಳದಿ, ಮೈಮೇಲೆ ಐದು ಕರಿ ಪಟ್ಟಿ. ಎರಡು ದಿನ ಬದುಕೀತು ಎಂದುಕೊಂಡಿದ್ದರಂತೆ. ನಾನು ನೋಡುವ ಹೊತ್ತಿಗೆ ಅದಕ್ಕೆ ಆರನೆಯ ವರ್ಷ. ಸಾಹೇಬರು ಅದನ್ನು ಪಾವಣ್ಯಾ ಎಂದು ಕರೆಯುತ್ತಿದ್ದರು. ನಮ್ಮ ಕಡೆ ಮನೆಗೆ ಬಂದ ನೆಂಟನಿಗೆ ಹಾಗೆನ್ನುತ್ತಾರೆ. "ಇವತ್ತ ಪಾವಣ್ಯಾ ಸರಿ ಉಂಡಿಲ್ರಿ" ಎಂದು ಅವರು ಹೇಳಿದರೆ ಹೊಸಬರು ಒಳಗೆ ಯಾರೋ ಇದ್ದಾರೆಂದು ಇಣುಕುತ್ತಿದ್ದರು. ಭಿಂಗ ಹಾಕಿಕೊಂಡು ಅವರು ಗಾಜಿನ ಹತ್ತಿರ ಮುಖ ಒಯ್ದರೆ ಆ ಮೀನು ಎಲ್ಲಿದ್ದರೂ ಬಂದು ಎದುರಿಗೆ ನಿಲ್ಲುತ್ತಿತ್ತು. ನಾನು ಮುಖ ಒಯ್ದರೆ ಕಲ್ಲಿನ ಹಿಂದೆ ಹೋಗುತ್ತಿತ್ತು.

ತಿಂಗಳಿಗೊಮ್ಮೆ ಎರಡು ಕ್ಯಾನು ಹೊಸ ನೀರು ಬರಬೇಕು. ಲಾರಿ ಬೈಲಹೊಂಗಲಕ್ಕೆ ಬರದೇ ಹೆದ್ದಾರಿ ಹಿಡಿದು ಮುಂದೆ ಹೋಗುವಂತಿದ್ದರೆ ತಮ್ಮನು ಕಿತ್ತೂರಿನ ಒಂದು ಚಹಾದಂಗಡಿಯಲ್ಲಿ ಕ್ಯಾನು ಇಳಿಸಿ ಹೋಗುವನು. ಸಾಹೇಬರು ಬಸ್ಸಿನಲ್ಲಿ ಹೋಗಿ ತರುವರು. ಒಮ್ಮೆ ನಾನೂ ಅದೇ ಬಸ್ಸಿನಲ್ಲಿದ್ದೆ. ಕಂಡಕ್ಟರ್ ಕ್ಯಾನು ಒದ್ದು ನೋಡಿ, "ಏನೈತ್ರೀ ಇದರಾಗ? ರಾಕೆಲ್ ಬಸ್ಸಿನ್ಯಾಗ ನಡಿಯೂದಿಲ್ಲ" ಎಂದ. ರಾಕೆಲ್ ಅಂದರೆ ಚಿಮಣಿ ಎಣ್ಣೆ. ಸಾಹೇಬರು ಶಾಂತವಾಗಿ, "ಸಮುದ್ರ ಐತ್ರಿ" ಎಂದರು. ಬಸ್ಸೆಲ್ಲ ನಕ್ಕಿತು. ಕಂಡಕ್ಟರ್ ನಂಬದೆ ಮುಚ್ಚಳ ತೆಗೆದು, ಬೆರಳು ಅದ್ದಿ, ನಾಲಗೆಗೆ ಇಟ್ಟುಕೊಂಡು, ಥೂ ಎಂದು ಕಿಟಕಿಯಾಚೆ ಉಗುಳಿದ. ಆಮೇಲೆ ಲಗೇಜು ಟಿಕೀಟು ಹರಿದುಕೊಟ್ಟು, ದಾರಿಯುದ್ದಕ್ಕೂ ಕ್ಯಾನು ಉರುಳದಂತೆ ಕಾಲಿನಿಂದ ಒತ್ತಿ ಹಿಡಿದು ನಿಂತಿದ್ದ. ನಾನು ಸಾಹೇಬರ ಜೊತೆ ಮೊದಲು ಮಾತಾಡಿದ್ದು ಆ ದಿನ.

ತೊಟ್ಟಿಯ ನೀರು ಬಿಸಿಲಿಗೆ ಆರಿದಷ್ಟೂ ಉಪ್ಪು ಹೆಚ್ಚಾಗುತ್ತದೆ. ಅದನ್ನು ಅಳೆಯಲು ಅವರೇ ಒಂದು ಹತ್ಯಾರ ಮಾಡಿಕೊಂಡಿದ್ದರು. ಪೆನ್ನಿನ ಖಾಲಿ ಟೋಪಿಯೊಳಗೆ ಕೆಟ್ಟ ಗಡಿಯಾರದ ನಾಲ್ಕು ಹಲ್ಲುಚಕ್ರ ತುಂಬಿ, ಬಾಯಿಗೆ ಅರಗು ಹಾಕಿ ತೇಲಿಬಿಟ್ಟಿದ್ದರು. ಹೊಸ ಸಮುದ್ರದ ನೀರಿನಲ್ಲಿ ಅದು ಎಷ್ಟು ಮುಳುಗುತ್ತದೋ ಅಲ್ಲಿಗೆ ಒಂದು ಕೆಂಪು ಗೆರೆ. ಗೆರೆ ಮೇಲೆದ್ದರೆ ಮಳೆನೀರು ಸುರಿಯುವರು. ಹತ್ತನೆಯ ತರಗತಿಗೆ ಸಾಂದ್ರತೆಯ ಪಾಠ ಪ್ರತಿವರ್ಷ ಮಾಡುವ ನನಗೆ ಇದು ಹೊಳೆದಿರಲಿಲ್ಲ. ಹೊಳೆದಿರಲಿಲ್ಲ ಎಂದು ಅವರೆದುರು ಒಪ್ಪಿಕೊಳ್ಳಲೂ ಇಲ್ಲ. "ತತ್ವ ಸರಿ ಐತ್ರಿ" ಎಂದು ಮಾಸ್ತರಿಕೆಯ ಗತ್ತಿನಲ್ಲಿ ತಲೆಯಾಡಿಸಿದೆ.

ಇನ್ನು ನನ್ನ ಸಂಗತಿ. ನನ್ನ ಹೆಂಡತಿ ರಾಮದುರ್ಗದ ಸಾಲಿಯಲ್ಲಿ ಟೀಚರು. ಮಕ್ಕಳು ಅವಳ ಜೊತೆ. ನಾನು ಬೈಲಹೊಂಗಲದಲ್ಲಿ ಬಾಡಿಗೆ ಖೋಲಿ ಹಿಡಿದಿದ್ದೆ. ಶನಿವಾರ ಮಧ್ಯಾಹ್ನದ ಬಸ್ಸು, ಸೋಮವಾರ ಬೆಳಗಿನ ಬಸ್ಸು. ಉಳಿದ ಐದು ಸಂಜೆಗಳನ್ನು ಏನು ಮಾಡಬೇಕೆಂದು ತಿಳಿಯುತ್ತಿರಲಿಲ್ಲ. ಬೇರೆ ಮಾಸ್ತರರು ಇಸ್ಪೀಟು ಆಡುತ್ತಿದ್ದರು. ನನಗೆ ಅದು ಬಾರದು, ಬಾರದು ಎಂದು ಹೇಳಲೂ ಮನಸ್ಸಿಲ್ಲದೆ, ಇಸ್ಪೀಟು ಆಡುವವರನ್ನು ಕೀಳಾಗಿ ನೋಡುತ್ತ ಒಬ್ಬನೇ ಅಡ್ಡಾಡುತ್ತಿದ್ದೆ.

ಆ ವರ್ಷದ ಖಂಡೇ ಪೂಜೆಯ ದಿನ ಸಾಹೇಬರು ತಮ್ಮನ ಮನೆಯಲ್ಲಿ ಏನೋ ಮಾತುಕತೆ ಇದೆಯೆಂದು ಸವದತ್ತಿಗೆ ಹೋಗಿದ್ದರು. ಅಂಗಡಿಯ ಇನ್ನೊಂದು ಕೀಲಿ ಗಿರಣಿಯ ಶೆಟ್ಟರ ಹತ್ತಿರ ಇರುತ್ತಿತ್ತು. ಖಂಡೇ ಪೂಜೆ ಎಂದರೆ ನಮ್ಮಲ್ಲಿ ಹತ್ಯಾರಗಳ ಹಬ್ಬ. ಯಂತ್ರವನ್ನು ತೊಳೆದು, ವಿಭೂತಿ ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ ಪೂಜೆ ಮಾಡಿದ ಮೇಲೆ ಆ ದಿನ ಅದನ್ನು ನಡೆಸುವಂತಿಲ್ಲ. ವರ್ಷವಿಡೀ ದುಡಿದದ್ದಕ್ಕೆ ಒಂದು ದಿನದ ಸೂಟಿ. ಸಾಹೇಬರ ಚಿಮಟಿಗೆ, ತಿರುಪುಳಿಗಳ ತಟ್ಟೆ ಕೂಡ ಪ್ರತಿವರ್ಷ ಶೆಟ್ಟರ ಗಿರಣಿಯ ಕಟ್ಟೆಯ ಮೇಲೆ ಪೂಜೆಗೆ ಕೂರುತ್ತಿತ್ತು. ಈ ಸಲ ಶೆಟ್ಟರು ಅದನ್ನು ತರಲು ಕೀಲಿ ತೆಗೆದು ಒಳಗೆ ಹೋದರು. ತೊಟ್ಟಿಯ ಪಕ್ಕ ಗಾಳಿ ಊದುವ ಸಣ್ಣ ಪಂಪು ಗುರ್ ಗುರ್ ಎನ್ನುತ್ತಿತ್ತು. ಶೆಟ್ಟರಿಗೆ ಕರುಳು ಚುರ್ ಎಂದಿತು. ಅದಕ್ಕೂ ಕುಂಕುಮ ಹಚ್ಚಿ, ಒಂದು ಹೂ ಇಟ್ಟು, ಕೈ ಮುಗಿದು, ಬಟನ್ನು ಬಂದ್ ಮಾಡಿ ಬಂದರು.

ಮರುದಿನ ಮುಂಜಾನೆ ನಾನು ಊರಿಗೆ ಹೋಗಲು ಚೀಲ ಕಟ್ಟಿ ನಿಂತಿದ್ದೆ. ಸವದತ್ತಿಯಿಂದ ಮೊದಲ ಬಸ್ಸಿಗೆ ಬಂದಿದ್ದ ಸಾಹೇಬರು ಕಾಲಲ್ಲಿ ಚಪ್ಪಲಿಯಿಲ್ಲದೆ ನನ್ನ ಖೋಲಿಯ ಬಾಗಿಲಿಗೆ ಬಂದರು. "ಸರ್ರ, ಜರಾ ಬರ್ರಿ. ತೊಟ್ಟ್ಯಾಗ ಹುಳಾ ಬಿದ್ದಾವ. ನೀವ ನೋಡಿ ಹೇಳಬೇಕ್ರಿ" ಎಂದರು.

ಹೋಗಿ ನೋಡಿದರೆ ಗಾಜಿನ ತುಂಬ ಹುಳಗಳು. ಆರು ವರ್ಷದಲ್ಲಿ ಒಂದೂ ಕಣ್ಣಿಗೆ ಬಿದ್ದಿರಲಿಲ್ಲವಂತೆ. ಕಂದುಗೆಂಪು ಬಣ್ಣದ, ಮೈಯ ಎರಡೂ ಅಂಚಿಗೆ ಬಿಳಿ ಬಿರುಗೂದಲಿದ್ದ ಹುಳಗಳು ನೀರಿನ ಮೇಲ್ತುದಿಯ ಕಡೆ ತೆವಳಿಕೊಂಡು ಬಂದಿದ್ದವು. ಕೆಲವು ಕಿರುಬೆರಳಷ್ಟು ಉದ್ದ. ಪಂಪನ್ನು ಸಾಹೇಬರು ಆಗಲೇ ಶುರು ಮಾಡಿದ್ದರು. ಮೀನು ಮೇಲೆ ಬಂದು ಬಾಯಿ ತೆರೆದು ಮುಚ್ಚುತ್ತಿತ್ತು. ಸುತ್ತ ಶೆಟ್ಟರು, ಗಿರಣಿಗೆ ಬಂದ ನಾಲ್ಕು ಜನ. ಎಲ್ಲರೂ ನನ್ನ ಬಾಯಿಯನ್ನೇ ನೋಡುತ್ತಿದ್ದರು.

"ಏನ್ ಹುಳಾ ಅದಾವ್ರಿ ಸರ್ರ?" ಎಂದರು ಸಾಹೇಬರು.

ಗೊತ್ತಿಲ್ಲ ಎನ್ನಬೇಕಿತ್ತು. ಒಂದೇ ಶಬ್ದ. ನಾನು ಕಾಲೇಜಿನಲ್ಲಿ ಕೊಯ್ದದ್ದು ಎರೆಹುಳ ಒಂದು, ಜಿಗಣೆ ಒಂದು. ಸಮುದ್ರದ ಹುಳ ಕಣ್ಣಿನಿಂದ ನೋಡಿದ್ದು ಅದೇ ಮೊದಲು. ಆದರೆ ನಾನು ಊರಿನ ಸೈನ್ಸ್ ಮಾಸ್ತರ. ಕನ್ನಡಕ ಸರಿ ಮಾಡಿಕೊಂಡು, "ಇವು ಜಿಗಣಿ ಜಾತೀವು. ರಕ್ತಾ ಹೀರತಾವ. ನೋಡ್ರಿ, ಮೀನಿದ್ದ ಕಡೇನ ಹೆಂಗ ಏರಿ ಬರಾಕ ಹತ್ತಾವ! ಇನ್ನ ಒಂದ ದಿನಾ ಬಿಟ್ಟಿದ್ರ ನಿಮ್ಮ ಪಾವಣ್ಯಾ ಉಳೀತಿರಲಿಲ್ಲ" ಎಂದೆ.

ಉಸಿರಾಟದ ಪಾಠವನ್ನು ಹದಿನೈದು ವರ್ಷ ಮಾಡಿದ ಮನುಷ್ಯ ನಾನು. ಗಾಳಿ ನಿಂತುಹೋದ ನೀರಿನಲ್ಲಿ ಹುಳವೂ ಮೀನೂ ಒಂದೇ ಕಾರಣಕ್ಕೆ ಮೇಲೆ ಬಂದಿವೆ, ಎರಡಕ್ಕೂ ಬೇಕಾದದ್ದು ಉಸಿರು ಎಂದು ನನಗೆ ಹೊಳೆಯಲಿಲ್ಲ. ಶೆಟ್ಟರು ಮಾತ್ರ ಹಿಂದಿನಿಂದ, "ನಾ ಪಂಪ ಬಂದ ಮಾಡಿದ್ದಕ್ಕ ಏನರ ಆತೇನ್ರಿ? ಅದೂ ಯಂತ್ರಾನ ಅಲ್ಲೇನು, ಒಂದ ದಿನಾ ಸೂಟಿ ಇರಲಿ ಅಂತ..." ಎಂದು ಹೆದರಿ ಕೇಳಿದರು. "ಏ, ಅದಕ್ಕೂ ಇದಕ್ಕೂ ಏನ ಸಂಬಂಧ ಇಲ್ರಿ" ಎಂದು ನಾನೇ ಅವರ ಬಾಯಿ ಮುಚ್ಚಿಸಿದೆ. ಸತ್ಯ ನನ್ನ ಹಿಂದೆಯೇ ನಿಂತು ಕೇಳುತ್ತಿತ್ತು, ನಾನು ಗದರಿಸಿ ಕಳಿಸಿದೆ.

"ಒಂದನ್ನೂ ಬಿಡಬ್ಯಾಡ್ರಿ, ಎಲ್ಲಾ ತಗದ ಹಾಕ್ರಿ" ಎಂದು ಅಪ್ಪಣೆ ಕೊಟ್ಟೆ. ಸಾಹೇಬರು ತಲೆಯಾಡಿಸಿದರು. ಕಲ್ಲಿಗೆ ಅಂಟಿಕೊಂಡು ಬೀಸಣಿಗೆಯಂತೆ ಬಿಚ್ಚಿಕೊಂಡಿದ್ದ ಒಂದು ಸಣ್ಣ ಹೂವಿನಂಥದ್ದನ್ನು ತೋರಿಸಿ, "ಇದೂ ಹುಳಾನೇನ್ರಿ?" ಎಂದರು. "ಅದು ಸಸ್ಯ, ಅದರ ಪಾಡಿಗೆ ಬಿಡ್ರಿ" ಎಂದೆ.

ಗಾಳಿ ಬಂದ ಮೇಲೆ ಹುಳಗಳು ಒಂದೇ ತಾಸಿನಲ್ಲಿ ಮಾಯವಾದವು. ಉಸುಕಿನಲ್ಲಿ, ಕಲ್ಲಿನ ಬಿರುಕಿನಲ್ಲಿ ಅಡಗಿಬಿಟ್ಟವು. ಬೆಳಕಿದ್ದಾಗ ಅವು ಹೊರಬರುವುದಿಲ್ಲ. ಹಾಗಾಗಿ ನಮ್ಮ ಬೇಟೆ ಸಂಜೆ. ಸಾಲಿ ಬಿಟ್ಟು, ಮುಖ ತೊಳೆದು ಆರಕ್ಕೆ ನಾನು ಅಂಗಡಿಗೆ ಹೋಗುವೆ. ಸಾಹೇಬರು ತೊಟ್ಟಿಗೆ ಚಾದರ ಹೊದಿಸಿರುವರು. ಕ್ಯಾಮೆರಾದ ರೀಲು ಬರುತ್ತಿತ್ತಲ್ಲ, ಆ ಕರಿ ಡಬ್ಬಿಗೆ ಸಣ್ಣ ತೂತು ಕೊರೆದು, ಒಳಗೆ ಒಣ ಸಿಗಡಿಯ ಚೂರು ಇಟ್ಟು ಉಸುಕಿನ ಮೇಲೆ ಇಳಿಸುವರು. ಬೆಳಕಿಗೆ ಹುಳ ಬೆದರದಂತೆ ಬ್ಯಾಟರಿಯ ಗಾಜಿಗೆ ಕೆಂಪು ಕಾಗದ. ಕುಳಿತು ಕಾಯುವುದು. ಮುಕ್ಕಾಲು ತಾಸಿಗೆ ಚಾದರದ ತುದಿ ಎತ್ತಿ ನೋಡಿದರೆ ಡಬ್ಬಿಯ ತೂತಿನಲ್ಲಿ ಒಂದು ಬಾಲ ಕಾಣುವುದು. "ಬಂತ ನೋಡ್ರಿ ಸರ್ರ, ಬಂತು" ಎಂದು ಅವರು ಪಿಸುಗುಡುವರು. ಗಡಿಯಾರದ ಚಿಮಟಿಗೆಯಿಂದ ಮೆಲ್ಲಗೆ ಹಿಡಿದು, ಭಿಂಗದ ಕೆಳಗೆ ಇಟ್ಟು, ಇಬ್ಬರೂ ತಲೆಗೆ ತಲೆ ಹಚ್ಚಿ ನೋಡುವೆವು. ನಾನು ಅದರ ಮೈಯಲ್ಲಿ ಎಷ್ಟು ಖಂಡ ಇವೆಯೆಂದು ಎಣಿಸಿ ಬರೆದುಕೊಂಡು, ಸಾಲಿಯಿಂದ ತಂದ ಸ್ಪಿರಿಟ್ಟಿನ ಬಾಟಲಿಗೆ ಹಾಕುವೆ.

ಒಂದು ಸಂಜೆ ಧೈರ್ಯ ತೋರಿಸಲು ಹೋಗಿ ಬರಿಗೈಯಲ್ಲಿ ಹುಳ ಹಿಡಿದೆ. ಅದರ ಬಿರುಗೂದಲೆಲ್ಲ ಬೆರಳಿನಲ್ಲಿ ಮುರಿದು ಉಳಿದವು, ಬೆಂಕಿ ಬಿದ್ದಂತಾಯಿತು. ನಾನು ಅಯ್ಯೋ ಅಪ್ಪಾ ಎಂದು ಕುಣಿದೆ. ಸಾಹೇಬರು ನನ್ನನ್ನು ಸ್ಟೂಲಿನ ಮೇಲೆ ಕೂರಿಸಿ, ನನ್ನ ಕೈಯನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು, ಒಂದೊಂದೇ ಕೂದಲು ತೆಗೆದರು. ಕಣ್ಣಿಗೆ ಕಾಣದಂಥ ಕೂದಲು. ಎರಡು ಗಿರಾಕಿ ಬಂದು ಹೋದರೂ ತಲೆ ಎತ್ತಲಿಲ್ಲ. "ಸುಮ್ಮನ ಕುಂದರ್ರಿ, ಅವಸರಾ ಏನೈತಿ" ಎನ್ನುತ್ತಿದ್ದರು. ದೊಡ್ಡವನಾದ ಮೇಲೆ ನನ್ನ ಕೈಯನ್ನು ಯಾರೂ ಅಷ್ಟು ಹೊತ್ತು ಹಿಡಿದುಕೊಂಡಿರಲಿಲ್ಲ. ನೋವಿನ ನಡುವೆಯೂ ನನಗೆ ಆ ಹೊತ್ತು ಮುಗಿಯುವುದು ಬೇಡವಾಗಿತ್ತು.

ಆ ಸಂಜೆಗಳಲ್ಲಿ ಮಾತು ಹೆಚ್ಚಿರುತ್ತಿರಲಿಲ್ಲ. ಸಾಹೇಬರು ಹೆಂಡತಿಯ ಬಗ್ಗೆ ಒಂದೇ ಸಲ ಹೇಳಿದರು. ಮದುವೆಯಾದ ಹೊಸದರಲ್ಲಿ ಅಂಗಡಿಯ ಎಲ್ಲ ಗಡಿಯಾರ ಒಟ್ಟಿಗೆ ಟಿಕ್ ಟಿಕ್ ಎನ್ನುವುದಕ್ಕೆ ಅವರಿಗೆ ನಿದ್ದೆ ಬರುತ್ತಿರಲಿಲ್ಲವಂತೆ. "ಕಡೀಕ ರೂಢಿ ಆತ್ರಿ. ಈಗ ನನಗ ನಿದ್ದಿ ಬರವಲ್ದು. ಗಡಿಯಾರದ ಸಪ್ಪಳ ಅಲ್ಲ, ಮತ್ತೇನ ಸಪ್ಪಳ ಇಲ್ಲಲಾ ಅದಕ್ಕ" ಎಂದು ನಕ್ಕರು. ನಾನು ಚಾದರದ ತುದಿ ಎತ್ತಿ ಡಬ್ಬಿ ನೋಡಿದೆ. ಸಮಾಧಾನ ಹೇಳಲು ನನಗೆ ಎಲ್ಲಿ ಬರುತ್ತದೆ? ಪಾಠ ಮಾಡಲು ಬರುತ್ತದೆ.

ನನಗೆ ಒಂದೇ ತಕರಾರು. ಸಾಹೇಬರ ಕೈ ಅಷ್ಟು ನಾಜೂಕಿನದು, ಆದರೆ ದಿನಕ್ಕೆ ಒಂದೋ ಎರಡೋ ಹುಳ ಹಿಡಿದು ಸಾಕು ಎನ್ನುವರು. "ಇನ್ನೊಂದ ಡಬ್ಬಿ ಇಳಿಸ್ರಿ, ಜಲ್ದಿ ಮುಗೀತೈತಿ" ಎಂದರೆ, "ಪಾವಣ್ಯಾ ಹೆದರತಾನ್ರಿ, ನಾಳಿ ನೋಡೂಣು" ಎನ್ನುವರು. ಹೀಗೆ ಸಂಕ್ರಾಂತಿ ಬಂತು. ಕೊನೆಕೊನೆಗೆ ಡಬ್ಬಿ ಖಾಲಿ ಬರತೊಡಗಿತು. ಒಂದು ವಾರ ಪೂರ್ತಿ ಏನೂ ಸಿಗದಿದ್ದಾಗ ನಾನು ಕೈ ಝಾಡಿಸಿ ಎದ್ದು, "ಮುಗೀತ್ರಿ ಸಾಹೇಬ್ರ! ಗೆದ್ವಿ" ಎಂದೆ. ಅವರು ಚಾದರ ಮಡಿಚುತ್ತ, "ಹೌದ್ರಿ, ಮುಗೀತು" ಎಂದರು. ಬಾಟಲಿಯನ್ನು ನಾನು ಸಾಲಿಯ ಲ್ಯಾಬಿನಲ್ಲಿಟ್ಟು, 'ಪರೋಪಜೀವಿ ಹುಳಗಳು, ಅರಬ್ಬಿ ಸಮುದ್ರ' ಎಂದು ದೊಡ್ಡಕ್ಷರದಲ್ಲಿ ಚೀಟಿ ಅಂಟಿಸಿದೆ.

ಆಮೇಲೆ ನಾನು ಹೋಗಲಿಲ್ಲ. ಹತ್ತನೆಯವರ ಪರೀಕ್ಷೆ ಹತ್ತಿರ ಬಂದಿತ್ತು, ಹೆಚ್ಚಿನ ಕ್ಲಾಸು ಎಂದೆಲ್ಲ ಕಾರಣ ಹೇಳಬಹುದು. ಖರೆ ಹೇಳಬೇಕೆಂದರೆ ಹೋಗಲು ಕೆಲಸವಿರಲಿಲ್ಲ. ಬಜಾರಿನಲ್ಲಿ ಹಾಯುವಾಗ ಅವರು ಭಿಂಗದ ಕಣ್ಣೆತ್ತಿ, "ಬರ್ರಿ ಸರ್ರ, ಚಾ ಕುಡ್ಯೂಣು" ಎನ್ನುತ್ತಿದ್ದರು. ನಾನು ಗಡಿಯಾರವಿಲ್ಲದ ಕೈ ನೋಡಿಕೊಂಡು, "ಮತ್ತ ಬರತೇನ್ರಿ" ಎನ್ನುತ್ತಿದ್ದೆ.

ಬೇಸಿಗೆಗೆ ಮೀನು ಸತ್ತಿತು. ಮೊದಲು ನೀರು ಮಂಜಾಯಿತಂತೆ, ಆಮೇಲೆ ವಾಸನೆ ಬಂತಂತೆ. ಎರಡು ಕ್ಯಾನು ಹೊಸ ನೀರು ಹಾಕಿದರೂ ತಿಳಿಯಾಗಲಿಲ್ಲ. ಸುದ್ದಿಯನ್ನು ನನಗೆ ಹೇಳಿದವರು ಶೆಟ್ಟರು, ಅದೂ ನಾನು ಗೋದಿ ಬೀಸಿಸಲು ಹೋದಾಗ. "ಸಾಹೇಬ್ರು ಮೂರ ದಿನಾ ಅಂಗಡಿ ತಗೀಲಿಲ್ರಿ" ಎಂದರು. ನಾನು ಆಗಲೂ ಮಗ್ಗುಲಿನ ಬಾಗಿಲಿಗೆ ಹೋಗಲಿಲ್ಲ. ಮೀನು ಸತ್ತ ಮನೆಗೆ ಹೋಗಿ ಏನು ಮಾತಾಡುತ್ತಾರೆ ಎಂದು ನನಗೆ ನಾನೇ ನಗೆಯಾಡಿಕೊಂಡೆ.

ಮೇ ತಿಂಗಳಲ್ಲಿ ಧಾರವಾಡದಲ್ಲಿ ನಮಗೊಂದು ತರಬೇತಿ ಇತ್ತು. ಮಧ್ಯಾಹ್ನದ ಬಿಸಿಲಿಗೆ ಹೊರಗೆ ಹೋಗಲಾರದೆ ಅಲ್ಲಿಯ ಗ್ರಂಥಾಲಯದ ಫ್ಯಾನಿನ ಕೆಳಗೆ ಕೂರುತ್ತಿದ್ದೆ. ಸಮುದ್ರದ ಜೀವಿಗಳ ಒಂದು ದಪ್ಪ ಪುಸ್ತಕ ಸುಮ್ಮನೆ ತಿರುವುವಾಗ ನಮ್ಮ ಹುಳ ಎದುರಿಗೆ ಬಂತು. ಅದೇ ಕಂದುಗೆಂಪು, ಅದೇ ಬಿರುಗೂದಲು. ಓದುತ್ತ ಹೋದಂತೆ ನನ್ನ ಕಿವಿ ಬಿಸಿಯಾದವು. ಅದು ಜಿಗಣೆಯಲ್ಲ, ರಕ್ತ ಹೀರುವುದಿಲ್ಲ. ಕಲ್ಲಿನ ಸಂದಿಗೆ ಬಿದ್ದ ಎಂಜಲನ್ನು ಕೊಳೆಯಲು ಬಿಡದೆ ತಿಂದು ಹಾಕುವ ಪ್ರಾಣಿ. ತೊಟ್ಟಿಯಲ್ಲಿ ಅದು ಇರುವುದು ಒಳ್ಳೆಯದು, ನೀರಿಗೆ ಗಾಳಿ ಸಾಲದಾದರೆ ಮೇಲೆ ಏರಿ ಬರುತ್ತದೆ ಎಂದು ಬರೆದಿತ್ತು. ಎರಡು ಪುಟ ಮುಂದೆ ಆ ಬೀಸಣಿಗೆಯಂಥ ಹೂವಿನ ಚಿತ್ರವೂ ಇತ್ತು. ಅದೂ ಒಂದು ಹುಳವೇ. ನಾನು ಸಸ್ಯ ಎಂದು ತೀರ್ಪು ಕೊಟ್ಟಿದ್ದಕ್ಕೆ ಅದು ಬದುಕಿ ಉಳಿದಿತ್ತು.

ಮೀನು ಅದೊಂದೇ ಕಾರಣಕ್ಕೆ ಸತ್ತಿತು ಎಂದು ನಾನು ಇವತ್ತೂ ಆಣೆ ಮಾಡಿ ಹೇಳಲಾರೆ. ಬೇಸಿಗೆ ಕಡುವಾಗಿತ್ತು. ಆದರೆ ಆ ಕಲ್ಲಿನ ಕೆಳಗೆ ಮೂರು ತಿಂಗಳ ಸಿಗಡಿ ಚೂರು ಕೊಳೆತಿರಲಿಕ್ಕೆ ಸಾಕು, ತಿನ್ನುವವರನ್ನು ನಾನು ಬಾಟಲಿಗೆ ತುಂಬಿದ್ದೆ. ತರಬೇತಿ ಮುಗಿದ ಸಂಜೆ ರಾಮದುರ್ಗಕ್ಕೆ ಹೋಗದೆ ನೇರ ಬೈಲಹೊಂಗಲದ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಗೆ ಹೇಳಬೇಕೆಂದು ಬಾಯಿಪಾಠ ಮಾಡಿದೆ.

ಸಾಹೇಬರು ಒಂದು ಹಳೆಯ ಗೋಡೆ ಗಡಿಯಾರ ಬಿಚ್ಚಿಟ್ಟುಕೊಂಡಿದ್ದರು. ಹಿಂದೆ ತೊಟ್ಟಿಯಲ್ಲಿ ನೀರಿತ್ತು, ಪಂಪು ನಡೆದಿತ್ತು. ಒಳಗೆ ಏನೂ ಇರಲಿಲ್ಲ. ಕಲ್ಲನ್ನೂ ತೆಗೆದಿದ್ದರು.

"ಬರ್ರಿ ಸರ್ರ, ಕುಂದರ್ರಿ. ಭಾಳ ದಿನಾ ಆತು" ಎಂದರು.

ನಾನು ನಿಂತೇ ಹೇಳಿದೆ. "ಸಾಹೇಬ್ರ, ಆ ಹುಳಾ ರಕ್ತಾ ಹೀರೂವಲ್ರಿ. ನಾ ಹೇಳಿದ್ದು ತಪ್ಪು. ಅವು ನೀರ ಸ್ವಚ್ಛ ಇಡೂವು. ತಗೀಬಾರದಿತ್ತು. ನಿಮ್ಮ ಪಾವಣ್ಯಾನ್ನ ನಾನ ಕೊಂದಂಗಾತು."

ಬಾಯಿಪಾಠ ಮಾಡಿದ್ದು ಇನ್ನೂ ಇತ್ತು. ಅಷ್ಟರಲ್ಲಿ ಸಾಹೇಬರು ಭಿಂಗ ತೆಗೆದು ಮೇಜಿನ ಮೇಲಿಟ್ಟರು. ನನ್ನ ಜೊತೆ ಮಾತಾಡಲು ಅವರು ಅದನ್ನು ತೆಗೆದದ್ದು ಅದೇ ಮೊದಲು. ಕಣ್ಣಿನ ಸುತ್ತ ಗುಂಡಗೆ ಕೆಂಪು ಗುರುತು ಬಿದ್ದಿತ್ತು.

"ರಕ್ತಾ ಹೀರೂವಲ್ಲ ಅನ್ನೂದು ನನಗ ಗೊತ್ತಿತ್ರಿ ಸರ್ರ" ಎಂದರು.

"ಯಾವಾಗಿಂದ?"

"ದೀವಳಿಗಿ ಹೊತ್ತಿಗೇನ ಗೊತ್ತಾತ್ರಿ. ಭಿಂಗದಾಗ ಹೊಟ್ಟಿ ಒಳಗಿಂದೆಲ್ಲಾ ಕಾಣತಿತ್ತು. ಸಿಗಡಿ ಚೂರು, ಪಾಚಿ. ರಕ್ತದ ಕೆಂಪ ಇರಲಿಲ್ಲ. ಒಂದ ಸಂಜಿಕ ಮಲಗಿದ್ದ ಪಾವಣ್ಯಾನ ಹೊಟ್ಟಿ ಕೆಳಗ ಒಂದ ಹುಳಾ ಹಾದ ಹೋತು, ಮುಟ್ಟಲೇ ಇಲ್ಲ."

ನನಗೆ ಸಿಟ್ಟು ಬಂತು. ತಪ್ಪು ನನ್ನದು, ಸಿಟ್ಟು ಅವರ ಮೇಲೆ. "ಮತ್ತ ಹೇಳಬಾರದಾಗಿತ್ತೇನ್ರಿ? ಸಂಕ್ರಾಂತಿ ತನಕಾ ಒಂದೊಂದ ತಗಕೋತ ಯಾಕ ಕುಂತ್ರಿ? ಮಾಸ್ತರಗ ತಪ್ಪ ಅಂದ್ರ ಮರ್ಯಾದಿ ಹೋಗತೈತಿ ಅಂತೇನು?" ಎಂದು ದನಿ ಏರಿಸಿದೆ.

"ಮರ್ಯಾದಿ ಅಲ್ರಿ" ಎಂದರು. ಮೇಜಿನ ಮೇಲಿನ ಒಂದು ಹಲ್ಲುಚಕ್ರವನ್ನು ಬೆರಳಿನಿಂದ ಆಚೆ ಸರಿಸಿ, ಮತ್ತೆ ಈಚೆ ಸರಿಸಿದರು. "ಹುಳಾ ಏನೂ ಮಾಡೂದಿಲ್ಲ ಅಂದಿದ್ರ ನೀವು ಮರುದಿನದಿಂದ ಬರತಿದ್ರೇನು? ದಿನಕ್ಕ ಒಂದೊಂದ ತಗದ್ರ ಭಾಳ ದಿನಾ ಆಗತಾವ ಅನಕೊಂಡ್ನಿ. ಹುಳಾ ಹ್ವಾದ್ರ ಪಾವಣ್ಯಾನೂ ಹೋಗತಾನ ಅನ್ನೂದು ನನಗೂ ತಿಳಿದಿರಲಿಲ್ಲ ನೋಡ್ರಿ."

ನಾನು ಕುಳಿತೆ. ಗಿರಣಿ ನಿಂತು, ಶೆಟ್ಟರು ಬಾಗಿಲು ಹಾಕಿ ಹೋಗುವವರೆಗೂ ಕುಳಿತಿದ್ದೆ. ಏನಾದರೂ ಹೇಳಬೇಕಿತ್ತು. ನೀವು ಕರೆದಿದ್ದರೆ ಸುಮ್ಮನೆ ಬರುತ್ತಿದ್ದೆ ಎನ್ನಬೇಕಿತ್ತು. ಆದರೆ ಅವರು ಕರೆದಿದ್ದರು, ನಾನು ಬಂದಿರಲಿಲ್ಲ. ಏಳುವಾಗ, "ನಾಳಿ ಬರತೇನ್ರಿ ಸಾಹೇಬ್ರ, ದಿನಾ ಬರತೇನಿ" ಎಂದೆ. ಅವರು ಭಿಂಗ ಮತ್ತೆ ಕಣ್ಣಿಗೆ ಸಿಕ್ಕಿಸಿಕೊಂಡು, "ಆತ್ರಿ" ಎಂದರು.

ಮರುದಿನ ಆರಕ್ಕೆ ಹೋದೆ. ಚಹಾ ಕುಡಿದೆವು. ಅದರ ಮರುದಿನವೂ ಹೋದೆ. ಇಬ್ಬರೂ ಖಾಲಿ ನೀರು ನೋಡುತ್ತ ಕುಳಿತೆವು, ಮಾತಿಗೆ ಏನೂ ಸಿಗಲಿಲ್ಲ. ಮೂರನೆಯ ದಿನ ಮಳೆ ಬಂತು, ಹೋಗಲಿಲ್ಲ. ನಾಲ್ಕನೆಯ ದಿನ ಮಳೆ ಇರಲಿಲ್ಲ, ಆಗಲೂ ಹೋಗಲಿಲ್ಲ.